ಕಾಗದದ ಅಣ್ಣ

ಇಕುತಾ ಮೇಷ್ಟ್ರು ಕುಂಚವನ್ನು ಮಸಿಯಲ್ಲಿ ಅದ್ದಿ, ತುದಿಯನ್ನು ಕಲ್ಲಿನ ಅಂಚಿಗೆ ಸವರಿ, ಉಸಿರು ಬಿಗಿಹಿಡಿದು ಇನ್ನೇನು ಕಂಬದ ಮೇಲೆ ಇಳಿಸಬೇಕು, ಅಷ್ಟರಲ್ಲಿ ಶಿಗೆನೊ ಬಂದು ಬರೆಯುವ ಜಾಗದ ಮೇಲೆ ಅಂಗೈ ಊರಿಬಿಟ್ಟಳು. ಮೇಷ್ಟ್ರದು ಎಂಬತ್ತು ದಾಟಿದ ಕೈ; ಹೊರಟದ್ದನ್ನು ತಟ್ಟನೆ ತಡೆಯುವ ಚುರುಕು ಅದಕ್ಕೆಲ್ಲಿಂದ ಬರಬೇಕು? ಮಸಿಯ ಒಂದು ದಪ್ಪ ಹನಿ ಅವಳ ಮಣಿಕಟ್ಟಿನ ಮೇಲೆ ಬಿತ್ತು.

"ಏನಮ್ಮಾ ಇದು! ಪುಣ್ಯಕ್ಕೆ ಮರದ ಮೇಲೆ ಬೀಳಲಿಲ್ಲ. ಇನ್ನೊಂದು ಕಂಬ ಕೆತ್ತಿಸೋಕೆ ಹೊತ್ತೆಲ್ಲಿದೆ?"

"ಒಗಾತಾ ಅಂತ ಬರೀಬೇಡಿ ಮೇಷ್ಟ್ರೇ."

"ಮತ್ತಿನ್ನೇನಂತ ಬರೀಲಿ?"

"ಸೆಗಾವಾ ಅಂತ ಬರೀರಿ. ಸೆಗಾವಾ ಕಿನ್ಸಾಕು. ಅದು ಅವನ ಹೆಸರು."

ಸಮಾಧಿಯ ತಲೆಯ ಹತ್ತಿರ ನೆಡುವ ಆ ಮರದ ಕಂಬವನ್ನು ಸಂಘದ ಹಾಲ್ ಹಿಂದೆ, ಮಾವಿನ ಮರದ ಕೆಳಗೆ, ಎರಡು ಮೊಟ್ಟೆ ಪೆಟ್ಟಿಗೆಗಳ ಮೇಲೆ ಮಲಗಿಸಿದ್ದರು. ಒಳಗೆ ಹಾಲ್‌ನಲ್ಲಿ ಕಿನ್ಸಾಕು ಮಲಗಿದ್ದ. ನಿನ್ನೆ ಮಧ್ಯಾಹ್ನ ಹೋದವನು ಇವತ್ತು ಮಧ್ಯಾಹ್ನದೊಳಗೆ ಮಣ್ಣು ಸೇರಬೇಕು. ಈ ಸೀಮೆಯಲ್ಲಿ ಹೆಣ ಇಟ್ಟುಕೊಂಡು ಕೂರುವ ಪದ್ಧತಿ ಇಲ್ಲ. ಹತ್ತು ಗಂಟೆಗೆ ಲಿನ್ಸ್ ಪಟ್ಟಣದಿಂದ ಗುರುಗಳು ಬರುವವರಿದ್ದರು. ಆಗಸ್ಟ್ ತಿಂಗಳ ಒಣಗಾಳಿಗೆ ಕೆಂಪು ಧೂಳು ಎದ್ದು ಬಾಗಿಲಿಗೆ ಕಟ್ಟಿದ್ದ ಕಪ್ಪು ಬಿಳಿ ಪರದೆಯನ್ನು ಆಗಲೇ ಕಂದು ಮಾಡಿತ್ತು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಅವರಿಗೆ ಗೊತ್ತಿರದ ಸಂಗತಿಯಲ್ಲ. ಬ್ರೆಜಿಲ್ಲಿನ ಆ ವಲಸಿಗರ ಕಾಲೊನಿಯಲ್ಲಿ ಎಪ್ಪತ್ತು ದಾಟಿದವರಿಗೆಲ್ಲ ಗೊತ್ತಿದ್ದ, ಐವತ್ತರ ಒಳಗಿನವರು ಯಾರೂ ಕೇಳಿಯೇ ಇರದ ಸಂಗತಿ ಅದು. ಗೊತ್ತಿದ್ದವರೂ ಮರೆತುಬಿಡುವಷ್ಟು ಕಾಲವಾಗಿತ್ತು.

"ಶಿಗೆನೊ, ಸಾವಿನ ಸರ್ಟಿಫಿಕೇಟಿನಲ್ಲಿ ಒಗಾತಾ ಅಂತಲೇ ಇದೆಯಲ್ಲಮ್ಮ."

"ಸರ್ಟಿಫಿಕೇಟು ಸರ್ಕಾರದ್ದು. ಈ ಕಂಬ ಸರ್ಕಾರದ್ದಲ್ಲವಲ್ಲ. ಇಲ್ಲಿ ನೀವು ಬರೆಯೋ ಅಕ್ಷರ ಓದೋಕೆ ಬರೋದು ಈ ಊರಲ್ಲಿ ಹದಿನೈದು ಜನಕ್ಕೆ. ಬರೀರಿ."

"ನಿನ್ನ ತಮ್ಮನ್ನ ಒಂದು ಮಾತು ಕೇಳಬೇಕಲ್ಲ."

"ಅವನನ್ನ ಯಾಕೆ ಕೇಳಬೇಕು?"

ಕೇಳುವ ಅಗತ್ಯವೇ ಬೀಳಲಿಲ್ಲ. ಕಪ್ಪು ಸೂಟು ತೊಟ್ಟು, ಕೊರಳಪಟ್ಟಿಯ ಗುಂಡಿ ಹಾಕಲು ಹೆಣಗಾಡುತ್ತ ತೊಕುಜಿ ಅತ್ತಲೇ ಬರುತ್ತಿದ್ದ. ತೊಕುಜಿ ಅವಳ ಬೆನ್ನಿಗೆ ಹುಟ್ಟಿದ ತಮ್ಮ, ಒಗಾತಾ ಮನೆಯ ಯಜಮಾನ, ಸಂಘದ ಅಧ್ಯಕ್ಷ. ಇಪ್ಪತ್ತು ಸಾವಿರ ಕೋಳಿಗಳ ಒಡೆಯ. ಮದುವೆಯಿರಲಿ, ಮಣ್ಣಿರಲಿ, ಎಲ್ಲ ತನ್ನ ಕೈಯಿಂದಲೇ ಆಗಬೇಕು ಅವನಿಗೆ.

* * *

ಸಾವಿರದ ಒಂಬೈನೂರ ಮೂವತ್ತೆರಡನೆಯ ಇಸವಿ, ಕೋಬೆ ಬಂದರು. ಸರ್ಕಾರದ ಖರ್ಚಿನಲ್ಲಿ ಬ್ರೆಜಿಲ್ಲಿಗೆ ಹಡಗು ಹತ್ತಬೇಕಾದರೆ ಒಂದೊಂದು ಕುಟುಂಬದಲ್ಲೂ ಹನ್ನೆರಡು ದಾಟಿದ, ದುಡಿಯಬಲ್ಲ ಮೂವರಾದರೂ ಇರಬೇಕಿತ್ತು. ಒಗಾತಾ ಮನೆಯಲ್ಲಿ ಇದ್ದದ್ದು ಅಪ್ಪ ಮತ್ತು ಅಮ್ಮ. ತೊಕುಜಿಗೆ ನಾಲ್ಕು ವರ್ಷ. ಶಿಗೆನೊಗೆ ಹನ್ನೆರಡು ತುಂಬಲು ನಾಲ್ಕೇ ನಾಲ್ಕು ತಿಂಗಳು ಕಡಿಮೆ. ಆ ನಾಲ್ಕು ತಿಂಗಳ ತೂತು ಮುಚ್ಚಲು ಅಪ್ಪ, ಮೇಲಿನ ಹಳ್ಳಿಯಲ್ಲಿ ಇದ್ದಿಲು ಸುಡುವವನ ಮೂರನೆಯ ಮಗನನ್ನು, ಹದಿನೈದರ ಕಿನ್ಸಾಕುವನ್ನು, ಕಾಗದದ ಮೇಲೆ ಹಿರಿಮಗನನ್ನಾಗಿ ಮಾಡಿಕೊಂಡ. ಐದು ವರ್ಷ, ಆಮೇಲೆ ಕೈತುಂಬ ಗಳಿಸಿಕೊಂಡು ವಾಪಸು ಬರುತ್ತಾನೆ ಎಂದು ಆ ಹುಡುಗನ ಅಮ್ಮನಿಗೆ ಮಾತು ಕೊಟ್ಟ. ಅವಳು ನಂಬಿದಳು. ಅಪ್ಪನೂ ನಂಬಿದ್ದ ಎನ್ನುವುದೇ ಸಂಕಟ.

ಹಡಗು ಹೊರಡುವ ಮೊದಲು ಎಲ್ಲರನ್ನೂ ಎಂಟು ದಿನ ಬಂದರಿನ ವಸತಿಗೃಹದಲ್ಲಿ ಇಟ್ಟಿದ್ದರು. ಅದು ವಸತಿಗೃಹವಲ್ಲ, ನಾಟಕ ಕಂಪನಿಯ ಬಿಡಾರ. ಕೋಣೆ ಕೋಣೆಯಲ್ಲೂ ತಾಲೀಮು. ಪಕ್ಕದ ಕೋಣೆಯ ಹತ್ತೊಂಬತ್ತರ ಹುಡುಗಿ, ಹೋದ ವಾರವಷ್ಟೇ ಮುಖ ನೋಡಿದ ಗಂಡಸೊಬ್ಬನನ್ನು 'ಏನೂಂದ್ರೆ' ಎಂದು ಕರೆಯಲು ಕಲಿಯುತ್ತಿದ್ದಳು. ಪ್ರತಿ ಸಲವೂ ನಗು ಬಂದು ಕಿಸಕ್ಕೆನ್ನುವಳು, ಪ್ರತಿ ಸಲವೂ ಯಾರೋ ಗದರುವರು.

"ಇವನ್ಯಾರು?" ಎಂದು ಅಪ್ಪ ಶಿಗೆನೊವನ್ನು ಕೇಳಿದ.

"ಕಿನ್ಸಾಕು. ಇದ್ದಿಲಿನವರ ಮನೆ ಕಿನ್ಸಾಕು."

ಕೆನ್ನೆಗೆ ಪಟಾರನೆ ಬಿತ್ತು. "ಅಣ್ಣ! ಅಣ್ಣ ಅನ್ನೇ! ಸಾಹೇಬರು ಕೇಳಿದರೂ ಅಣ್ಣ, ಕನಸಿನಲ್ಲಿ ಕೇಳಿದರೂ ಅಣ್ಣ. ತಿಳೀತಾ?"

ಮೂರನೆಯ ದಿನ ಸಾಹೇಬರು ಕೇಳಿದರು. ಕನ್ನಡಕದ ಮೇಲಿನಿಂದ ನೋಡಿ, "ಪುಟ್ಟೀ, ಈ ಹುಡುಗ ನಿನಗೆ ಏನಾಗಬೇಕು?" ಎಂದರು. "ನಮ್ಮಣ್ಣ" ಎಂದಳು ಶಿಗೆನೊ. ಎಷ್ಟು ಚೆನ್ನಾಗಿ ಹೇಳಿದಳೆಂದರೆ ಅಮ್ಮನ ಕಣ್ಣಲ್ಲಿ ನೀರು ಬಂತು. ಸಾಹೇಬರು ಮುದ್ರೆ ಒತ್ತಿದರು. ಮೆಟ್ಟಿಲಿಳಿಯುವಾಗ ಕಿನ್ಸಾಕು ಅವಳ ಕಿವಿಯಲ್ಲಿ, "ನಮ್ಮ ಮನೇಲಿ ತಂಗೀರು ಯಾರೂ ಇರಲಿಲ್ಲ. ಇರ್ಲಿ ಬಿಡು, ಐದು ವರ್ಷ ತಾನೇ" ಎಂದ.

ಐದು ವರ್ಷಕ್ಕೆ ಅಪ್ಪನ ಕೈಗೆ ಹತ್ತಿದ್ದು ಮಲೇರಿಯಾ ಮಾತ್ರ. ವಾಪಸು ಹೋಗುವ ಮಾತು ಮೊದಮೊದಲು ಊಟದ ಹೊತ್ತಿಗೆ ಬರುತ್ತಿತ್ತು. ಆಮೇಲೆ ಹೊಸ ವರ್ಷದ ದಿನ. ಆಮೇಲೆ ಅದೂ ನಿಂತಿತು. ಕಿನ್ಸಾಕು ಕಾಫಿ ತೋಟದಲ್ಲಿ ಇಬ್ಬರ ಕೆಲಸ ಮಾಡುತ್ತಿದ್ದ. ಹದಿನೇಳಾದ ಮೇಲೆ ಶಿಗೆನೊ ಅವನನ್ನು ಅಣ್ಣ ಎನ್ನುವುದನ್ನು ಬಿಟ್ಟಳು. ಏನೆಂದೂ ಕರೆಯದೆಯೇ ಅವನೊಂದಿಗೆ ಇಡೀ ದಿನ ಮಾತಾಡುವುದನ್ನು ಕಲಿತಳು.

* * *

"ಬೆಳಿಗ್ಗೆ ಬೆಳಿಗ್ಗೆ ಏನಕ್ಕಾ ನಿನ್ನ ಗಲಾಟೆ?" ಎಂದ ತೊಕುಜಿ.

ಮೇಷ್ಟ್ರು ಹೇಳಿದರು. ತೊಕುಜಿ ಗುಂಡಿಯ ಆಸೆ ಬಿಟ್ಟು ಕೈ ಕೆಳಗಿಳಿಸಿದ. ಅಡುಗೆಮನೆಯ ಕಿಟಕಿಯಲ್ಲಿ ಅನ್ನದುಂಡೆ ಕಟ್ಟುತ್ತಿದ್ದ ಅವನ ಹೆಂಡತಿ ಮಿತ್ಸುಯೊಳ ಕಿವಿ ಚುರುಕಾಯಿತು. ಅವಳ ಪಕ್ಕದಲ್ಲಿ ಬಟ್ಟಲು ಒರೆಸುತ್ತಿದ್ದ ಶಿಗೆನೊಳ ಮಗಳು ಲೂಸಿಯಾ ಕೂಡ ತಲೆ ಎತ್ತಿದಳು.

"ತಲೆಗಿಲೆ ಕೆಟ್ಟಿದೆಯಾ? ಅಣ್ಣನಿಗೆ ನಮ್ಮ ಮನೆ ಸಮಾಧೀಲಿ ಅಪ್ಪ ಅಮ್ಮನ ಪಕ್ಕದಲ್ಲೇ ಜಾಗ ತೆಗೆಸಿದ್ದೀನಿ. ಗ್ರಾನೈಟ್ ಕೆಳಗೆ ಮಲಗ್ತಾನೆ. ಇನ್ನೇನು ಮಾಡಬೇಕಿತ್ತು ನಾನು?"

"ಅಪ್ಪನ ಪಕ್ಕ ಮಲಗೋಕೆ ಅವನು ಒಪ್ಪಿದ್ನಾ? ಬದುಕಿದ್ದಾಗ ಅಪ್ಪನ ಫೋಟೋಗೆ ಒಂದು ಊದುಕಡ್ಡಿ ಹಚ್ಚದೋನು."

"ಅದು ಅವನ ಕೃತಘ್ನತನ. ಅಪ್ಪ ಸತ್ತ ದಿನ ಕೋಳಿ ಶೆಡ್ಡಿನಿಂದ ಆಚೆ ಬರಲಿಲ್ಲ. ಆದರೂ ನಾನು ಒಂದು ಮಾತು ಅಂದವನಲ್ಲ."

ಶಿಗೆನೊ ಕಣ್ಣು ಕೆಳಗೆ ಹಾಕಿದಳು. ಆ ಮಾತಿಗೆ ಅವಳ ಹತ್ತಿರ ಉತ್ತರವಿತ್ತು. ಅಪ್ಪ ಸತ್ತ ಮೂವತ್ತು ವರ್ಷದಿಂದಲೂ ಇತ್ತು.

"ಐವತ್ತೇಳು ವರ್ಷ ನಮ್ಮ ಮನೆ ಅನ್ನ ತಿಂದೋರು," ಎಂದಳು ಮಿತ್ಸುಯೊ ಕಿಟಕಿಯಿಂದ, ಯಾರಿಗೂ ಹೇಳದವಳಂತೆ. "ಈಗ ಹೆಸರು ಬೇಡವಂತೆ."

"ಆ ಅನ್ನ ನಿನ್ನ ಅಪ್ಪನ ಮನೆಯಿಂದ ಬಂತಾ ಮಿತ್ಸುಯೊ? ನಿಮ್ಮ ಕೋಳಿಗಳ ಕಾಲ ಕೆಳಗಿನದನ್ನ ಬಾಚಿದ್ದು ಯಾರು? ಎಪ್ಪತ್ತೆರಡು ವರ್ಷದ ಮುದುಕ, ಹೋದ ತಿಂಗಳೂ ಬಾಚ್ತಿದ್ದ."

"ನಾವೇನು ಬಾಚು ಅಂದ್ವಾ? ಸುಮ್ಮನೆ ಕೂರೋಕೆ ಅವರಿಗೇ ಆಗ್ತಿರಲಿಲ್ಲ."

"ಹೌದು. ಅವನ ಕೋಣೆ ಎಲ್ಲಿತ್ತು? ಶೆಡ್ಡಿನ ಹಿಂದೆ. ಮೊಟ್ಟೆಗೆ ಫ್ಯಾನ್ ಇತ್ತು, ಅವನಿಗಿರಲಿಲ್ಲ."

"ಅಮ್ಮಾ, ಸಾಕು," ಎಂದಳು ಲೂಸಿಯಾ. ಅವಳು ಪಟ್ಟಣದ ಬ್ಯಾಂಕಿನಲ್ಲಿ ಕೆಲಸಕ್ಕಿದ್ದವಳು. ಜೋರು ಮಾತು ಎಂದರೆ ಆಗದು. ಕೈ ಒರೆಸಿಕೊಂಡು ಹೊರಗೆ ಬಂದಳು. "ಕಿನ್ಸಾಕು ಮಾವ ನಿನ್ನ ಅಣ್ಣ ಅಲ್ವಾ? ಸೆಗಾವಾ ಅಂದ್ರೆ ಯಾರು? ನನಗೆ ಒಂದೂ ಅರ್ಥ ಆಗ್ತಿಲ್ಲ."

ಮೇಷ್ಟ್ರೇ ಎರಡು ಮಾತಿನಲ್ಲಿ ಹೇಳಿ ಮುಗಿಸಿದರು. ಲೂಸಿಯಾ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಎದೆಯ ಮೇಲಿನ ಶಿಲುಬೆಯನ್ನು ಹಿಡಿದುಕೊಂಡಳು. ಚಿಕ್ಕವಳಿದ್ದಾಗ ಅವಳನ್ನು ಹೆಗಲ ಮೇಲೆ ಹೊತ್ತು ಶಾಲೆಗೆ ಬಿಟ್ಟು ಬರುತ್ತಿದ್ದ ಮಾವ, ಮಾವನೇ ಅಲ್ಲವಂತೆ.

"ಅಂದ್ರೆ ನಮಗೂ ಅವರಿಗೂ ಸಂಬಂಧವೇ ಇಲ್ವಾ?"

ತೊಕುಜಿ ಮತ್ತೆ ಕೊರಳಪಟ್ಟಿಯ ಗುಂಡಿಗೆ ಕೈ ಹಾಕಿದ.

ಕಂಬದ ಮೇಲಿನಿಂದ ಶಿಗೆನೊ ಕೈ ತೆಗೆಯಲಿಲ್ಲ. ಹನ್ನೊಂದು ದಿನದ ಹಿಂದೆ ಕಿನ್ಸಾಕುವಿನ ಕೋಣೆಗೆ ಸಾರು ತೆಗೆದುಕೊಂಡು ಹೋಗಿದ್ದಳು. ಸಾರು ಪಕ್ಕಕ್ಕೆ ಸರಿಸಿ ಕಿತ್ತಳೆ ತಿನ್ನುತ್ತ ಕೂತಿದ್ದ. ಹೊಟ್ಟೆ ಉಬ್ಬಿ ಕಾಲು ಕಡ್ಡಿಯಾಗಿತ್ತು. ನಗು ಮಾತ್ರ ಹಾಗೇ ಇತ್ತು.

"ಶಿಗೆನೊ, ಒಂದು ಕೆಲಸ ಮಾಡ್ಕೊಡು. ನನ್ನ ಕಂಬದ ಮೇಲೆ ಸೆಗಾವಾ ಅಂತ ಬರೆಸು. ಒಗಾತಾ ಅಂತ ಬರೆದ್ರೋ, ದೆವ್ವವಾಗಿ ಬಂದು ತೊಕುಜಿ ಕೋಳಿಗಳಿಗೆಲ್ಲ ಭೇದಿ ಹಚ್ತೀನಿ."

"ಸಾಯೋ ಮಾತು ಯಾಕೆ ಈಗ?"

"ಮತ್ತೆ ಯಾವಾಗ, ಸತ್ತ ಮೇಲಾ?" ಎಂದು ಕಿತ್ತಳೆಯ ಬೀಜ ಉಗುಳಿದ. ಆಮೇಲೆ ನಗು ಇಳಿಯಿತು. "ನಿಮ್ಮಪ್ಪ ನನ್ನ ಹೆಸರು ಕಿತ್ಕೊಂಡ. ಹೋಗ್ಲಿ. ಆ ಕಾಗದ ಇಲ್ದೇ ಇದ್ದಿದ್ರೆ ನಾವು ಬೇರೆ ಥರ ಬದುಕ್ತಿದ್ವಿ. ಅದನ್ನ ಮಾತ್ರ ನಾನು ಅವನಿಗೆ ಕ್ಷಮಿಸಲಿಲ್ಲ. ಅಲ್ಲಿ ಸಿಕ್ಕಿದ್ರೂ ಕ್ಷಮಿಸಲ್ಲ."

ಆಗಲೇ ಹೇಳಬೇಕಿತ್ತು. ಕೋಣೆಯಲ್ಲಿ ಇಬ್ಬರೇ ಇದ್ದರು. ಶಿಗೆನೊ ಬಾಯಿ ತೆರೆದವಳು, "ಸಾರು ಆರಿಹೋಗ್ತಿದೆ, ಕುಡಿ" ಎಂದಳು.

* * *

ನಲವತ್ತೊಂದನೆಯ ಇಸವಿ ಆಗಸ್ಟಿನಲ್ಲಿ ಅವಳಿಗೆ ಇಪ್ಪತ್ತೊಂದು ತುಂಬಿತ್ತು. ಇಪ್ಪತ್ತೊಂದಾದರೆ ಅಪ್ಪನ ರುಜು ಬೇಕಿಲ್ಲ ಎಂದು ಯಾರೋ ಹೇಳಿದ್ದರು. ಕಿನ್ಸಾಕು ಅಪ್ಪನನ್ನು ಆಗಲೇ ಕೇಳಿ ನೋಡಿದ್ದ. "ಅಣ್ಣ ತಂಗಿ ಮದುವೆ ಆಗ್ತೀರೇನೋ, ನಾಯಿಗಳ ಹಾಗೆ?" ಎಂದು ಅಪ್ಪ ನಕ್ಕುಬಿಟ್ಟಿದ್ದ. ಸ್ವಂತ ಜಮೀನಿನ ಹಾಮಾದಾ ಮನೆಯಿಂದ ಹೆಣ್ಣು ಕೇಳಿ ಬಂದಿದ್ದರು. ಅಪ್ಪನ ಕಣ್ಣು ಆ ಜಮೀನಿನ ಮೇಲಿತ್ತು. ಹಾಗಾಗಿ ಸೆಪ್ಟೆಂಬರಿನ ಒಂದು ಬೆಳಿಗ್ಗೆ, ಹತ್ತಿ ಬೀಜ ತರುವ ನೆಪ ಹೇಳಿ, ಇಬ್ಬರೂ ಪಟ್ಟಣದ ನೋಂದಣಿ ಕಚೇರಿಗೆ ನಡೆದರು.

ಕಿನ್ಸಾಕುವಿಗೆ ಈ ದೇಶದ ಭಾಷೆ ಬರುತ್ತಿರಲಿಲ್ಲ. ಹೊತ್ತು ಮೂಡುವ ಮೊದಲೇ ಹೋಗಿ ಹೊತ್ತು ಮುಳುಗಿದ ಮೇಲೆ ಬರುವವನಿಗೆ ಕಲಿಸುವವರಾರು? ಶಿಗೆನೊ ತೋಟದ ದೊರೆಸಾನಿಯ ಮನೆಯಲ್ಲಿ ಎರಡು ವರ್ಷ ಬಟ್ಟೆ ಇಸ್ತ್ರಿ ಮಾಡಿದವಳು. ಮಾತು ಚೆನ್ನಾಗಿಯೇ ಬರುತ್ತಿತ್ತು. ಹೇಳಬೇಕಾದ್ದನ್ನು ಹದಿನೈದು ದಿನ ಬಾಯಿಪಾಠ ಮಾಡಿದ್ದಳು: ಇವನು ನನ್ನ ಒಡಹುಟ್ಟಿದವನಲ್ಲ, ಪಕ್ಕದ ಹಳ್ಳಿಯವನು, ಹಡಗಿನ ಸಲುವಾಗಿ ಕಾಗದದಲ್ಲಿ ಹಾಗೆ ಬರೆಸಿದ್ದು, ತಿದ್ದಲು ಏನು ಮಾಡಬೇಕೋ ಹೇಳಿ.

ಅಪ್ಪನ ಬೂಟು ಅವನ ಕಾಲಿಗೆ ಹಿಡಿಸುತ್ತಿರಲಿಲ್ಲ. ಕೈಯಲ್ಲೇ ಹಿಡಿದು ಬಂದವನು ಕಚೇರಿಯ ಬಾಗಿಲಲ್ಲಿ ಹಾಕಿಕೊಳ್ಳಲು ನೋಡಿ, ಆಗದೆ, ಬರಿಗಾಲಲ್ಲೇ ಒಳಗೆ ಬಂದ. ಹಿಮ್ಮಡಿ ಒಡೆದ, ಗೆಣ್ಣಿನವರೆಗೆ ಕೆಂಪು ಮಣ್ಣು ಮೆತ್ತಿದ ಕಾಲು. ಬೆಂಚಿನ ಮೇಲೆ ಟೋಪಿ ತೊಟ್ಟ ಇಬ್ಬರು ಹೆಂಗಸರು ಕೂತಿದ್ದರು. ಅವರಲ್ಲೊಬ್ಬಳು ಆ ಕಾಲು ನೋಡಿ, ತನ್ನ ಲಂಗವನ್ನು ಒಂದಿಷ್ಟು ಒಳಕ್ಕೆ ಎಳೆದುಕೊಂಡಳು. ಕಿನ್ಸಾಕು ಅವಳಿಗೂ ಹಲ್ಲುಬಿಟ್ಟು ನಕ್ಕ.

ಗುಮಾಸ್ತ ಕಾಗದಗಳನ್ನು ತಿರುವಿ ಹಾಕಿದ. "ಇಬ್ಬರ ಅಪ್ಪನೂ ಒಬ್ಬನೇ ಅಲ್ಲವೇ? ಇವನು ನಿನಗೆ ಏನಾಗಬೇಕು?"

ಬಾಯಿಪಾಠ ಮಾಡಿದ್ದೆಲ್ಲ ನಾಲಿಗೆಯ ತುದಿಯಲ್ಲೇ ಇತ್ತು. ಗುಮಾಸ್ತನ ಕಣ್ಣು ಕಿನ್ಸಾಕುವಿನ ಕಾಲಿನಿಂದ ಅವಳ ಇಸ್ತ್ರಿ ಮಾಡಿದ ಅಂಗಿಗೆ ಬಂತು. ಬೆಂಚಿನ ಹೆಂಗಸರೂ ಕತ್ತು ಚಾಚಿದ್ದರು.

"ಅಣ್ಣ," ಎಂದಳು ಶಿಗೆನೊ.

"ಮತ್ತೆ ಇಲ್ಲಿಗೇಕೆ ಬಂದಿರಿ?"

"ಪರದೇಶಿಗಳೆಲ್ಲ ಹೆಸರು ಬರೆಸಬೇಕಂತಲ್ಲ, ಅದನ್ನ ಕೇಳೋಕೆ."

ಎಷ್ಟು ನಯವಾಗಿ ಬಂತು ಸುಳ್ಳು! ಹೊರಗೆ ಬಂದ ಮೇಲೆ ಕಿನ್ಸಾಕು, "ಏನಂದ?" ಎಂದು ಕೇಳಿದ. "ಆಗಲ್ವಂತೆ. ಕಾಗದದಲ್ಲಿ ಇರೋವರೆಗೆ ಆಗೋದೇ ಇಲ್ವಂತೆ" ಎಂದಳು. ಸೇತುವೆಯ ಮೇಲೆ ಅವನು ಅಪ್ಪನ ಬೂಟುಗಳನ್ನು ನೀರಿಗೆ ಎಸೆದು, "ಅವನು ಹಾಳಾಗಿಹೋಗ್ಲಿ" ಎಂದ. ಶಾಪ ಹೋಗಬೇಕಾದ ವಿಳಾಸ ಶಿಗೆನೊಳದಾಗಿತ್ತು. ಅವಳು ಅದನ್ನು ಅಪ್ಪನ ಮನೆಗೆ ಹೋಗಲು ಬಿಟ್ಟಳು.

ಅಪ್ಪನಿಗೆ ತೊಂದರೆಯಾಗಬಾರದೆಂದು ಹಾಗೆ ಹೇಳಿದೆ ಎಂದು ಅವಳು ಎಷ್ಟೋ ವರ್ಷ ತನಗೆ ತಾನೇ ಹೇಳಿಕೊಂಡಳು. ನಿಜ ಹೊರಬಿದ್ದರೆ ಅಪ್ಪನನ್ನು ಜೈಲಿಗೆ ಹಾಕುತ್ತಿದ್ದರು, ಎಲ್ಲರನ್ನೂ ಓಡಿಸುತ್ತಿದ್ದರು, ಕಾಲ ಹಾಗಿತ್ತು. ಅದೂ ಸುಳ್ಳಲ್ಲ. ಆದರೆ ಆ ಗಳಿಗೆಯಲ್ಲಿ ಅಪ್ಪ ಅವಳ ನೆನಪಿಗೇ ಬಂದಿರಲಿಲ್ಲ. ಆ ಕಾಲು ನೋಡಿ ನಾಚಿಕೆಯಾಗಿತ್ತು, ಅಷ್ಟೇ. ಆ ಹೆಂಗಸರೆದುರು ಇವನು ನನ್ನವನು ಎನ್ನಲು ನಾಚಿಕೆಯಾಗಿತ್ತು.

ಐದು ತಿಂಗಳಿಗೆ ಅವಳು ಹಾಮಾದಾ ಮನೆಯ ಸೊಸೆಯಾದಳು. ಅವಳ ಪೆಟ್ಟಿಗೆಯನ್ನು ಗಾಡಿಯವರೆಗೆ ಹೊತ್ತು ತಂದವನು ಕಿನ್ಸಾಕು. ಗಂಡನ ಮನೆಯವರು ಅವನಿಗೆ, ಹುಡುಗಿಯ ಅಣ್ಣನಿಗೆ, ಎರಡು ಬಟ್ಟಲು ಹೆಚ್ಚಿಗೆ ಮದ್ಯ ಕೊಟ್ಟು ಉಪಚರಿಸಿದರು. ಅವನು ಮದುವೆಯಾಗಲಿಲ್ಲ. ಅಪ್ಪನೊಂದಿಗೆ ಮತ್ತೆ ಮಾತಾಡಲಿಲ್ಲ. ಅಪ್ಪ ಸಾಯುವಾಗ ಎರಡು ಸಲ ಅವನನ್ನು ಕರೆಸಿದ, ಅವನು ಬರಲಿಲ್ಲ.

* * *

ಒಂಬತ್ತೂವರೆಯಾಯಿತು. ಮಸಿ ಕಲ್ಲಿನ ಮೇಲೆ ಒಣಗುತ್ತ ಬಂದಿತ್ತು. ಮೇಷ್ಟ್ರು ಎರಡು ಹನಿ ನೀರು ಹಾಕಿ ಮತ್ತೆ ತೇಯುತ್ತಿದ್ದರು. ಕೆಲಸದ ನೆಪ ಸಿಕ್ಕಿದ್ದಕ್ಕೆ ಅವರಿಗೂ ಸಮಾಧಾನವೇ.

"ಹೋದ ವರ್ಷ ಕಾಲೊನಿಯ ಚರಿತ್ರೆ ಅಂತ ಪುಸ್ತಕ ಮಾಡಿದ್ವಲ್ಲ," ಎಂದ ತೊಕುಜಿ, ಸ್ವರ ತಗ್ಗಿಸಿ. "ಒಗಾತಾ ಮನೆಯ ಐವರು ಹಡಗಿಳಿದರು ಅಂತ ಅದರಲ್ಲಿ ಅಚ್ಚಾಗಿದೆ. ಈಗ ಇನ್ನೂರು ಜನರೆದುರು, ನಮ್ಮಪ್ಪ ಸರ್ಕಾರಕ್ಕೆ ಸುಳ್ಳು ಹೇಳಿ ಬಂದ ಅಂತ ಕಂಬ ನೆಡಬೇಕಾ?"

"ಆ ಹಡಗಿನಲ್ಲಿ ಅರ್ಧಕ್ಕರ್ಧ ಜನ ಸುಳ್ಳು ಹೇಳಿಯೇ ಬಂದದ್ದು."

"ಅವರ ಮಕ್ಕಳು ಯಾರಾದ್ರೂ ಕಂಬ ನೆಟ್ಟಿದ್ದಾರಾ?"

"ತೊಕುಜಿ, ಅವನು ಕೇಳಿದ್ದು ಇದೊಂದೇ ಕಣೋ. ಐವತ್ತೇಳು ವರ್ಷದಲ್ಲಿ ಬಾಯಿಬಿಟ್ಟು ಕೇಳಿದ್ದು ಇದೊಂದೇ."

ತೊಕುಜಿಯೇನು ಕಲ್ಲೆದೆಯವನಲ್ಲ. ಈಜು ಕಲಿಸಿದ್ದು, ಗಾಳಿಪಟ ಕಟ್ಟಿಕೊಟ್ಟಿದ್ದು, ಹಾವು ಕಚ್ಚಿದಾಗ ಹೊತ್ತು ಓಡಿದ್ದು, ಎಲ್ಲ ಕಿನ್ಸಾಕುವೇ. ರಾತ್ರಿ ಪೆಟ್ಟಿಗೆಯ ಪಕ್ಕ ಕೂತು ಹೆಂಗಸರಂತೆ ಅತ್ತಿದ್ದ. ಅದಕ್ಕೇ ಈಗ ಸಿಟ್ಟು ಹೆಚ್ಚಾಗಿತ್ತು.

"ಆಯ್ತು. ಬರೀರಿ ಮೇಷ್ಟ್ರೇ, ಸೆಗಾವಾ ಅಂತಲೇ ಬರೀರಿ," ಎಂದ. "ಆದರೆ ಅಕ್ಕ, ಅವನು ಸೆಗಾವಾ ಆದರೆ ನಾನು ಅವನ ತಮ್ಮ ಅಲ್ಲ. ಒಗಾತಾ ಮನೆಯವರು ಮುಂದಿನ ಸಾಲಿನಲ್ಲಿ ಕೂರೋಕಾಗಲ್ಲ. ನಮ್ಮ ಸಮಾಧೀಲೂ ಇಡೋಕಾಗಲ್ಲ. ಒಂಟಿ ಗಂಡಸರ ಮೂಲೇಲಿ ಗುಂಡಿ ತೋಡಿಸ್ತೀನಿ. ಧೂಪ ಹಾಕೋರ ಪಟ್ಟೀಲಿ ಮನೆಯವರು ಅಂತ ಮೊದಲು ಯಾರ ಹೆಸರು ಕೂಗಿಸಲಿ? ನೀನೇ ಹೇಳು. ನೀನು ಕೂರ್ತೀಯಾ?"

"ನಾನಾ?"

"ಕೂತ್ಕೋ. ನಾನು ಬೇಡ ಅನ್ನಲ್ಲ. ಆದರೆ ಮೇಷ್ಟ್ರು ಏನಂತ ಕೂಗಬೇಕು? ತಂಗಿ ಅಂತ ಅಲ್ಲ, ಅದು ಮುಗೀತು. ಅವನು ನಿನಗೆ ಏನಾಗಬೇಕು? ಹೇಳು, ಹಾಗೇ ಕೂಗಿಸ್ತೀನಿ."

ಅವನಿಗೆ ಗೊತ್ತಿತ್ತು. ಅವನ ಮುಖ ನೋಡಿದಾಕ್ಷಣ ಶಿಗೆನೊಗೆ ಅದು ತಿಳಿಯಿತು. ಹದಿಮೂರರ ಹುಡುಗನಾಗಿದ್ದಾಗಲೇ ಗೊತ್ತಿತ್ತು ಅವನಿಗೆ. ಹತ್ತಿ ಬೀಜವಿಲ್ಲದೆ ಪಟ್ಟಣದಿಂದ ಬಂದ ಇಬ್ಬರನ್ನೂ ಅವನು ನೋಡಿದ್ದ. ಈಗ ಅವನು ಅಣಕಿಸುತ್ತಿರಲಿಲ್ಲ. ನಿಜವಾಗಿಯೇ ಕೇಳುತ್ತಿದ್ದ. ಬಾಗಿಲು ತೆರೆದು ನಿಂತಿದ್ದ.

ಮೇಷ್ಟ್ರು ಮಸಿ ತೇಯುವುದನ್ನು ನಿಲ್ಲಿಸಿದರು. ಕಿಟಕಿಯಲ್ಲಿ ಮಿತ್ಸುಯೊಳ ಕೈಯಲ್ಲಿ ಅರ್ಧ ಕಟ್ಟಿದ ಅನ್ನದುಂಡೆ ಹಾಗೇ ಇತ್ತು. ಲೂಸಿಯಾ ಅಮ್ಮನನ್ನೇ ನೋಡುತ್ತಿದ್ದಳು. ನಲವತ್ತಾರರ ಮಗಳು, ಅಪ್ಪನ ಫೋಟೋವನ್ನು ಪರ್ಸಿನಲ್ಲಿಟ್ಟುಕೊಂಡು ಓಡಾಡುವವಳು.

"ಏನಮ್ಮಾ?" ಎಂದಳು ಲೂಸಿಯಾ ಮೆಲ್ಲಗೆ. "ಏನಾಗಬೇಕಿತ್ತು ಅವರು ನಿನಗೆ?"

ಒಂದು ಮಾತು ಸಾಕಿತ್ತು. ಮಗಳು ಬೈಯುತ್ತಿದ್ದಳೋ ಅಳುತ್ತಿದ್ದಳೋ, ಎರಡು ದಿನದಲ್ಲಿ ತಣ್ಣಗಾಗುತ್ತಿದ್ದಳು. ಜೈಲಿಗೆ ಹಾಕುವವರು ಯಾರೂ ಇರಲಿಲ್ಲ. ಅಪ್ಪ ಇರಲಿಲ್ಲ, ಗಂಡ ಇರಲಿಲ್ಲ, ಟೋಪಿಯ ಹೆಂಗಸರೂ ಸತ್ತು ಎಷ್ಟು ಕಾಲವಾಯಿತೋ. ಅರವತ್ತೊಂಬತ್ತರ ಮುದುಕಿಗೆ ಇನ್ಯಾರ ಹೆದರಿಕೆ?

"ಏನೂ ಇಲ್ಲ," ಎಂದಳು ಶಿಗೆನೊ. "ಒಂದೇ ಹಡಗಿನಲ್ಲಿ ಬಂದವರು, ಅಷ್ಟೇ."

ತೊಕುಜಿ ಅವಳನ್ನು ಇನ್ನೊಂದು ಗಳಿಗೆ ನೋಡಿದ. ಆಮೇಲೆ ಗುಂಡಿ ತೋಡುವವನಿಗೆ ಹೇಳಿಬರಲು ಹೊರಟುಹೋದ. ಶಿಗೆನೊ ಕಂಬದ ಮೇಲಿನಿಂದ ಕೈ ತೆಗೆದಳು. ಮೇಷ್ಟ್ರು ಒಂದೇ ಉಸಿರಿನಲ್ಲಿ ಬರೆದು ಮುಗಿಸಿದರು. ಅಕ್ಷರ ಸೊಗಸಾಗಿ ಬಂದಿತ್ತು. ಇಷ್ಟು ಚೆಂದಾಗಿ ಈ ಹೆಸರನ್ನು ಈ ದೇಶದಲ್ಲಿ ಯಾರೂ ಬರೆದಿರಲಿಲ್ಲ ಎಂದು ಅವರೇ ಹೇಳಿದರು.

* * *

ಗುರುಗಳ ಮಂತ್ರ ಶುರುವಾಗಿ ಕಾಲು ಗಂಟೆಯಾದ ಮೇಲೆ ಮೇಷ್ಟ್ರು ಎದ್ದು ನಿಂತು ಪಟ್ಟಿ ಬಿಡಿಸಿದರು. ಧೂಪ ಹಾಕಲು ಮೊದಲು ಮನೆಯವರು, ಆಮೇಲೆ ಹತ್ತಿರದ ನೆಂಟರು, ಆಮೇಲೆ ಊರಿನವರು. ಯಾರ ಹೆಸರು ಯಾರ ಹಿಂದೆ ಬಂತು ಎನ್ನುವುದರ ಮೇಲೆ ಈ ಕಾಲೊನಿಯಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟದ್ದುಂಟು.

"ದಿವಂಗತ ಸೆಗಾವಾ ಕಿನ್ಸಾಕು ಅವರು," ಎಂದು ಓದಿದರು. "ಮನೆಯವರು..." ಎಂದು ಅಭ್ಯಾಸಬಲದಿಂದ ಬಾಯಿಗೆ ಬಂದೇಬಿಟ್ಟಿತು. ತಡವರಿಸಿ, ಕೆಮ್ಮಿದರು. "ಮನೆಯವರು ಯಾರೂ ಇಲ್ಲ. ಬಂದವರು ಸಾಲಾಗಿ ಬರಬೇಕು."

ಗುಜುಗುಜು ಎದ್ದಿತು. "ಯಾರ್ರೀ ಈ ಸೆಗಾವಾ?" "ನಾವು ಬಂದದ್ದು ಒಗಾತಾ ಅವರ ಮಣ್ಣಿಗಲ್ವಾ?" "ಪೆಟ್ಟಿಗೇಲಿರೋದು ಕಿನ್ಸಾಕುವೇ, ನಾನು ನೋಡಿದೆ." ಆದರೂ ಎಲ್ಲರೂ ಎದ್ದು ಸಾಲು ಹಿಡಿದರು. ಸಂಘದ ಅಧ್ಯಕ್ಷನೆಂದು ತೊಕುಜಿಗೆ ಊರಿನವರ ಸಾಲಿನಲ್ಲಿ ಮೊದಲ ಜಾಗ ಬಂತು. ಮಿತ್ಸುಯೊ ಮಹಿಳಾ ಸಂಘದವರೊಂದಿಗೆ ನಿಂತಳು. ಶಿಗೆನೊ ನಿಂತದ್ದು ಬಾಗಿಲ ಹತ್ತಿರ, ಮೊಟ್ಟೆ ರಟ್ಟು ಮಾರುವವನ ಹಿಂದೆ.

ಅವನು ತಿರುಗಿ ನೋಡಿ ಗಾಬರಿಯಾದ. "ನೀವು ಮುಂದೆ ಹೋಗಿ ಅಜ್ಜಿ. ನೀವು ಇಲ್ಲಿ ನಿಲ್ಲೋದಾ?"

"ಇಲ್ಲಪ್ಪ. ನನ್ನ ಸರದಿ ಇಲ್ಲೇ."

"ಒಳ್ಳೆ ಮನುಷ್ಯ, ಪಾಪ. ರಟ್ಟು ಇಳಿಸೋವಾಗ ಒಂದು ದಿನವೂ ನನ್ನನ್ನ ಒಂಟಿಯಾಗಿ ಇಳಿಸೋಕೆ ಬಿಟ್ಟವರಲ್ಲ," ಎಂದ ಅವನು. ಅವನ ಕಣ್ಣು ಒದ್ದೆಯಾಗಿತ್ತು. ಅವನಿಗೆ ಅಳಲು ಅಡ್ಡಿಯಿರಲಿಲ್ಲ.

ಸಾಲು ಒಂದೊಂದೇ ಹೆಜ್ಜೆ ಮುಂದೆ ಹೋಯಿತು. ಪೆಟ್ಟಿಗೆಯ ಎಡಕ್ಕೆ, ಮನೆಯವರಿಗೆಂದು ಬೆಳಿಗ್ಗೆಯೇ ಬಿಳಿಬಟ್ಟೆ ಹೊದಿಸಿ ಇಟ್ಟ ಐದು ಕುರ್ಚಿಗಳಿದ್ದವು; ಎಲ್ಲಕ್ಕಿಂತ ಮುಂದಿನದು ಸತ್ತವನಿಗೆ ಎಲ್ಲರಿಗಿಂತ ಹತ್ತಿರದವರದು. ತೆಗೆದಿಡಲು ಯಾರಿಗೂ ಹೊಳೆದಿರಲಿಲ್ಲ. ಧೂಪ ಹಾಕಿದವರು ಎಡಕ್ಕೆ ತಿರುಗಿ ಸತ್ತವನ ಮನೆಯವರಿಗೆ ಬಾಗಿ ನಮಸ್ಕರಿಸಿ ಹೋಗಬೇಕು, ಅದು ರೂಢಿ. ಮೊದಲು ಹೋದ ತೊಕುಜಿ ಒಂದು ಗಳಿಗೆ ಏನು ಮಾಡುವುದೆಂದು ತಿಳಿಯದೆ ನಿಂತ. ಆಮೇಲೆ ಖಾಲಿ ಕುರ್ಚಿಗಳಿಗೇ ಬಾಗಿದ. ಅಧ್ಯಕ್ಷರು ಮಾಡಿದ ಮೇಲೆ ಮುಗಿಯಿತು, ಹಿಂದಿನವರೂ ಹಾಗೇ ಮಾಡಿದರು. ಮಿತ್ಸುಯೊ ಬಾಗಿದಳು, ಹಾಲಿನ ಡೈರಿಯವನು ಬಾಗಿದ, ಲೂಸಿಯಾ ಶಿಲುಬೆ ಗುರುತು ಮಾಡಿಕೊಂಡು ಬಾಗಿದಳು. ರಟ್ಟಿನವನು ಎಲ್ಲರಿಗಿಂತ ಆಳವಾಗಿ ಬಾಗಿ, ಮೂಗೊರೆಸಿಕೊಂಡು ಪಕ್ಕಕ್ಕೆ ಸರಿದ.

ಶಿಗೆನೊಳ ಸರದಿ ಬಂತು. ಪೆಟ್ಟಿಗೆಯ ಗಾಜಿನ ಕಿಂಡಿಯಲ್ಲಿ ಅವನ ಮುಖ ಕಾಣುತ್ತಿತ್ತು. ಯಾರೋ ನುಣ್ಣಗೆ ಗಡ್ಡ ಹೆರೆದಿದ್ದರು. ಮಂತ್ರ ಬೇಗ ಮುಗಿಸಬೇಕೆಂದು ಗುರುಗಳು, ಒಬ್ಬೊಬ್ಬರಿಗೆ ಒಂದೇ ಚಿಟಿಕೆ ಎಂದು ಬೆರಳಿನಲ್ಲಿ ಸನ್ನೆ ಮಾಡಿದರು. ಅವಳು ಒಂದು ಚಿಟಿಕೆ ಹಾಕಿದಳು. ಕೈ ಮುಗಿದಳು. ಹೇಳಬೇಕೆಂದಿದ್ದದ್ದನ್ನು ಮನಸ್ಸಿನಲ್ಲಿ ಹೇಳಲು ಶುರುಮಾಡುವಷ್ಟರಲ್ಲಿ ಹಿಂದೆ ನಿಂತವರು ಕೆಮ್ಮಿದರು.

ಅವಳು ಎಡಕ್ಕೆ ತಿರುಗಿ, ಸೊಂಟಕ್ಕೆ ಕೈ ಕೊಟ್ಟು, ಎಲ್ಲಕ್ಕಿಂತ ಮುಂದಿದ್ದ ಕುರ್ಚಿಗೆ ಬಾಗಿ ನಮಸ್ಕರಿಸಿದಳು.